ಪೀಪಿ ನರ್ಸಮ್ಮ ಕಟ್ಟಿದ ಮಟ್ಟು

ಬಿಂಡಿಗನವಿಲೆಯ ಸುತ್ತಮುತ್ತ ಜಯಲಕ್ಷ್ಮಮ್ಮ ಎಂದು ಕೇಳಿದರೆ ಯಾರೂ ಮನೆ ತೋರಿಸುತ್ತಿರಲಿಲ್ಲ. ಪೀಪಿ ನರ್ಸಮ್ಮ ಎನ್ನಬೇಕಿತ್ತು. ನಾನು ಹುಟ್ಟಿದ್ದು ಅವರ ಕೈಯಲ್ಲಿ. ನನ್ನ ತಮ್ಮಂದಿರಿಬ್ಬರೂ ಅಷ್ಟೆ. ನಮ್ಮ ತಂದೆ ಚೌಡಯ್ಯ ಅಲ್ಲಿಯ ಶಾಲೆಯ ಮೇಷ್ಟರಾಗಿದ್ದರು. ಇಂಗ್ಲಿಷ್ ಬರೆಯುವುದು ಓದುವುದು ಏನೇ ಇದ್ದರೂ ನರ್ಸಮ್ಮ ನಮ್ಮ ಮನೆಗೇ ಬರುತ್ತಿದ್ದರು. ಹಾಗಾಗಿ ಈ ಕತೆಯಲ್ಲಿ ಒಂದಿಷ್ಟು ನನ್ನ ತಂದೆ ಹೇಳಿದ್ದು. ಹೆಚ್ಚಿನದು, ನಾನು ದೊಡ್ಡವಳಾದ ಮೇಲೆ ಅವರೇ ಕೂತು ಹೇಳಿದ್ದು.

ಅವರ ತವರು ಪಾಂಡವಪುರದ ಹತ್ತಿರದ ಕ್ಯಾತನಹಳ್ಳಿ. ತಂದೆ ಕೆಂಪಣ್ಣ ನಾಲೆ ನೀರಿನ ಕಬ್ಬಿನ ಗದ್ದೆಯವರು. ಹದಿನಾರಕ್ಕೆ ಮಗಳನ್ನು ಕೆ.ಆರ್. ಪೇಟೆ ಕಡೆಗೆ ಕೊಟ್ಟರು. ಸಾವಿರದ ಒಂಬೈನೂರ ಐವತ್ತೊಂದರಲ್ಲಿ ಚೊಚ್ಚಲ ಹೆರಿಗೆ ಕಷ್ಟವಾಗಿ, ಗಾಡಿಯಲ್ಲಿ, ಆಮೇಲೆ ರೈಲಿನಲ್ಲಿ, ಮೈಸೂರಿನ ಒಂದು ಮಿಶನ್ ಆಸ್ಪತ್ರೆಗೆ ಸಾಗಿಸಿದರು. ಮಗು ಮೂರು ದಿನ ಇತ್ತು. ತಾಯಿಗೆ ಜ್ವರ ಏರಿ ಎರಡು ತಿಂಗಳು ಹಾಸಿಗೆ ಬಿಡಲಿಲ್ಲ. ಇನ್ನು ಮಕ್ಕಳಾಗುವುದಿಲ್ಲ ಎಂದು ಡಾಕ್ಟರು ಹೇಳಿದ ವಾರವೇ ಗಂಡನ ಮನೆಯವರು ಬರುವುದು ನಿಂತುಹೋಯಿತು. ಒಂದು ಮಧ್ಯಾಹ್ನ ಕೆಂಪಣ್ಣ ಒಬ್ಬರೇ ಬಂದು ಮಂಚದ ಪಕ್ಕ ನಿಂತರು.

"ಕೆ.ಆರ್. ಪೇಟೆಯೋರು ಬ್ಯಾರೆ ಎಣ್ಣು ತಂದ್ಬುಟ್ರು ಕಣವ್ವ. ಅವ್ರ ಸುದ್ದಿ ಬುಟ್ಬುಡು. ನಡಿ, ಊರ್ಗೆ ಓಗವ. ಮನೆ ಅದೆ, ಅಣ್ಣದೀರವ್ರೆ."

"ಬತ್ತೀನಿ ಕಣಪ್ಪ. ವಸಿ ದಿನ ಇಲ್ಲೇ ಇರ್ತೀನಿ."

ಆ ವಸಿ ದಿನ ಐದು ವರ್ಷವಾಯಿತು. ಊರಿಗೆ ಹೋಗಿ ಅತ್ತಿಗೆಯರ ಮಕ್ಕಳನ್ನು ಎತ್ತಿಕೊಳ್ಳುವ ಧೈರ್ಯ ಆಗ ತನಗೆ ಇರಲಿಲ್ಲ ಎಂದು ಅವರೇ ಹೇಳಿದ್ದುಂಟು. ಮೊದಲು ಆಯಾ ಆಗಿ ನೆಲ ಒರೆಸಿದರು, ಬಟ್ಟೆ ಕುದಿಸಿದರು. ಆಮೇಲೆ ಸೂಲಗಿತ್ತಿ ತರಬೇತಿಗೆ ಸೇರಿಸಿಕೊಂಡರು. ಸೇರಿಸಿದವರು ಹೆರಿಗೆ ವಾರ್ಡಿನ ಸಿಸ್ಟರ್ ಬ್ರಿಜಿಡ್, ಐರ್ಲೆಂಡಿನ ಪಡುವಣ ಕಡಲ ದಂಡೆಯ ಒಂದು ಹಳ್ಳಿಯವರು. ನಲವತ್ತು ದಾಟಿದ ಎತ್ತರದ ಹೆಂಗಸು, ಕೆಂಪು ಮುಖ. ಪಂಡಿತರೊಬ್ಬರನ್ನು ಇಟ್ಟುಕೊಂಡು ಕನ್ನಡ ಕಲಿತಿದ್ದರಿಂದ ಜಾಡಮಾಲಿಯಿಂದ ಹಿಡಿದು ಹಸುಗೂಸಿನವರೆಗೆ ಎಲ್ಲರಿಗೂ "ತಾವು" ಎನ್ನುತ್ತಿದ್ದರು. "ತಾವು ಅಳಬಾರದು, ತಾವು ಹಾಲನ್ನು ಕುಡಿಯತಕ್ಕದ್ದು" ಎಂದು ಅವರು ಕೂಸಿಗೆ ಹೇಳುವುದನ್ನು ಕೇಳಿ ಬಾಣಂತಿಯರು ಹೊಲಿಗೆ ಹಿಡಿದುಕೊಂಡು ನಗುತ್ತಿದ್ದರಂತೆ.

ಊಟದ ನಂತರದ ಬಿಡುವಿನಲ್ಲಿ ಸಿಸ್ಟರು ಹಿಂದಿನ ಹಿತ್ತಲಿನ ಮಳೆಮರದ ಕೆಳಗೆ ಕೂತು ತಗಡಿನ ಒಂದು ಕೊಳಲು ಊದುತ್ತಿದ್ದರು. ನಮ್ಮ ಬಿದಿರಿನ ಕೊಳಲಿನ ಹಾಗೆ ಅಡ್ಡ ಹಿಡಿಯುವುದಲ್ಲ, ನೆಟ್ಟಗೆ ಹಿಡಿಯುವುದು. ಗೇಣಿಗಿಂತ ತುಸು ಉದ್ದ, ಆರು ತೂತು, ಬಾಯಿಗಿಡುವ ಕಡೆ ಮರದ ಬೆಣೆ. ಮಗು ಹೋದ ಹೊಸದರಲ್ಲಿ, ವೆರಾಂಡದ ಮಂಚದಲ್ಲಿ ಮಲಗಿದ್ದ ಜಯಲಕ್ಷ್ಮಮ್ಮನಿಗೆ ಆ ದನಿ ಮೊದಲ ಸಲ ಕೇಳಿಸಿತು. ಅಲ್ಲಿಯವರೆಗೆ ಅವರು ಅತ್ತಿರಲಿಲ್ಲ. ಆವತ್ತು ಅತ್ತರು. ಮರುದಿನ ಗೋಡೆ ಹಿಡಿದುಕೊಂಡು ಮರದ ಹತ್ತಿರ ಹೋಗಿ ಕೇಳಿದರು:

"ಸಿಸ್ಟರಮ್ಮ, ಆ ಹಾಡು ಏನಂತ ಹೇಳ್ತದೆ?"

"ಅದಕ್ಕೆ ಮಾತುಗಳು ಇಲ್ಲ. ಮಾತುಗಳು ಇದ್ದಿದ್ದರೆ ತಮಗೆ ಅರ್ಥವಾಗುತ್ತಿರಲಿಲ್ಲ."

ಹೀಗೆ ಕಲಿಕೆ ಶುರುವಾಯಿತು. ಸಿಸ್ಟರ ಊರಿನಲ್ಲಿ ಇಂಥ ಮಟ್ಟುಗಳು ಸಾವಿರಾರು. ಚಳಿಗಾಲದಲ್ಲಿ ಯಾರದಾದರೂ ಅಡುಗೆಮನೆಯಲ್ಲಿ ಸೇರಿ ಪಿಟೀಲು, ಕೊಳಲು ನುಡಿಸುವುದು, ಕುಣಿಯುವುದು. ಜಿಗ್ ಎಂಬುದು ಮೂರು ಮೂರರ ಎಣಿಕೆ. ಗಾಡಿಯ ಎತ್ತು ಇಳಿಜಾರಿನಲ್ಲಿ ಓಡುವಾಗ ಕೊರಳ ಗಂಟೆ ಬಡಿದುಕೊಳ್ಳುತ್ತದಲ್ಲ, ಹಾಗೆ ಎಂದು ಜಯಲಕ್ಷ್ಮಮ್ಮ ಗುರುತಿಟ್ಟುಕೊಂಡರು. ರೀಲ್ ಎಂಬುದು ನಾಲ್ಕರ ಎಣಿಕೆ, ಇನ್ನೂ ಚುರುಕು. ಎರಡಕ್ಕೂ ಕಟ್ಟು ಒಂದೇ: ಮೊದಲ ಭಾಗ ಕೆಳಗಿನ ದನಿಯಲ್ಲಿ, ಎರಡು ಸಲ. ಎರಡನೆಯ ಭಾಗ ಮೇಲೇರಬೇಕು, ಅದೂ ಎರಡು ಸಲ. ಮುಗಿದ ಜಾಗದಿಂದ ಮತ್ತೆ ಮೊದಲಿಗೆ ಬರಬೇಕು, ಕುಣಿಯುವವರ ಕಾಲು ನಿಲ್ಲದ ಹಾಗೆ.

ಎರಡು ವರ್ಷದಲ್ಲಿ ನಲವತ್ತು ಮಟ್ಟು ಬಂದವು. ಆಮೇಲೆ ಜಯಲಕ್ಷ್ಮಮ್ಮನಿಗೆ ತಾನೂ ಒಂದು ಕಟ್ಟಬೇಕೆನ್ನಿಸಿತು. ವಾರಗಟ್ಟಲೆ ತಿಣುಕಿ ಒಂದನ್ನು ಕಟ್ಟಿ ನುಡಿಸಿದರು. ಸಿಸ್ಟರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಇದು ನಾನು ಕಲಿಸಿದ ಮೂರು ಮಟ್ಟುಗಳು. ತಾವು ಅವುಗಳಿಗೆ ಬೇರೆ ರವಿಕೆ ತೊಡಿಸಿರುವಿರಿ." ಎರಡನೆಯದು ನುಡಿಸುತ್ತ ನುಡಿಸುತ್ತ ಕ್ಯಾತನಹಳ್ಳಿಯ ಸೋಬಾನೆ ಪದದ ಕಡೆಗೆ ಜಾರಿಹೋಯಿತು. "ಚೆನ್ನಾಗಿದೆ, ಆದರೆ ಇದು ತಿರುಗುವುದಿಲ್ಲ. ಹೋಗಿ ಕುಳಿತುಬಿಡುತ್ತದೆ. ಹೊಸಬರು ಎಲ್ಲವನ್ನೂ ಒಂದೇ ಮಟ್ಟಿನಲ್ಲಿ ಹೇಳಲು ಬಯಸುತ್ತಾರೆ. ಸ್ವಲ್ಪವೇ ಹೇಳಿರಿ."

ಮೂರನೆಯದರ ಮೊದಲ ಭಾಗ ಅವರಿಗೆ ಹೊಳೆದದ್ದು ಹೆರಿಗೆ ವಾರ್ಡಿನ ಬಟ್ಟೆ ಹಿಂಡುವಾಗ. ಎಂಟು ಆವರ್ತದ ಒಂದು ಜಿಗ್. ಕುಣಿತದ ಮಟ್ಟೇ, ಆದರೆ ಎಂಟನೆಯ ಆವರ್ತದಲ್ಲಿ ದನಿ ಇಳಿಯಬೇಕಾದ ಕಡೆ ಇಳಿಯದೆ ಯಾರನ್ನೋ ಕಾಯುವ ಹಾಗೆ ನಿಲ್ಲುತ್ತಿತ್ತು. ಸಿಸ್ಟರು ನಗಲಿಲ್ಲ. ಇನ್ನೊಂದು ಸಲ ಎಂದರು, ಮತ್ತೂ ಒಂದು ಸಲ ಎಂದರು.

"ಎರಡನೆಯ ಭಾಗ ಎಲ್ಲಿ?"

"ಬರ್ಲಿಲ್ಲ ಸಿಸ್ಟರಮ್ಮ."

"ಬರುತ್ತದೆ. ಅವಸರ ಬೇಡ."

ಆದರೆ ಅವಸರ ಬಂತು. ಸಿಸ್ಟರ ಶ್ವಾಸಕೋಶ ಕೆಟ್ಟಿತ್ತು. ಐವತ್ತಾರರಲ್ಲಿ ಅವರ ಸನ್ಯಾಸಿನಿ ಮಠದವರು ಅವರನ್ನು ಸ್ವದೇಶಕ್ಕೆ ವಾಪಸು ಕರೆದರು. ಹೊರಡುವ ದಿನ ಜಯಲಕ್ಷ್ಮಮ್ಮ ಮೈಸೂರಿನಿಂದ ಬೆಂಗಳೂರಿನ ರೈಲಿನಲ್ಲಿ ಜೊತೆಗೆ ಕೂತರು. ತಾನು ಪಾಂಡವಪುರದ ಸ್ಟೇಷನ್ನಿನಲ್ಲಿ ಇಳಿದು ಊರಿಗೆ ಹೋಗುವುದೆಂದು ನೆಪ. ಶ್ರೀರಂಗಪಟ್ಟಣದ ಹತ್ತಿರ ರೈಲು ಕಾವೇರಿಯ ಸೇತುವೆಯ ಮೇಲೆ ಹೋಗುವಾಗ ಸಿಸ್ಟರು ಕಿಟಕಿಗೆ ಹಣೆ ಒತ್ತಿಕೊಂಡು ನೋಡುತ್ತಿದ್ದರು. ಬಂಡೆಯ ಮೇಲೆ ಬಟ್ಟೆ ಒಗೆಯುವವರು ಏನೋ ಕೂಗಿಕೊಂಡರು. "ಅವರು ಏನೆಂದರು?" ಎಂದು ಸಿಸ್ಟರು ಕೇಳಿದರು. "ಸೋಪು ಎಲ್ಲಿ ಮಡಗಿದ್ದೀಯೆ ಅಂತ" ಎಂದು ಇವರು ಹೇಳಿದರು. ಪಾಂಡವಪುರ ಬಂದಾಗ ಸಿಸ್ಟರು ತಮ್ಮ ಕೈಚೀಲದಿಂದ ಆ ಕೊಳಲನ್ನು ತೆಗೆದು ಇವರ ಮಡಿಲಲ್ಲಿಟ್ಟರು.

"ಎರಡನೆಯ ಭಾಗವನ್ನು ಬರೆದು ಕಳುಹಿಸಿರಿ. ನಾನು ಕಾಯುತ್ತೇನೆ."

ಬರೆಯುವ ಬಗೆಯನ್ನು ಮೊದಲೇ ಕಲಿಸಿದ್ದರು. ಎಷ್ಟು ತೂತು ಮುಚ್ಚಬೇಕೋ ಆ ಅಂಕಿ. ಮೇಲಿನ ದನಿಯಾದರೆ ಅಂಕಿಯ ಕೆಳಗೆ ಗೆರೆ. ಅಷ್ಟೆ.

ಐವತ್ತೇಳರಲ್ಲಿ ಜಯಲಕ್ಷ್ಮಮ್ಮ ಸರಕಾರಿ ಸೂಲಗಿತ್ತಿಯಾಗಿ ಬಿಂಡಿಗನವಿಲೆಗೆ ಬಂದರು. ಕುಳ್ಳಮ್ಮ ಎಂಬ ಮುದುಕಿಯ ಮನೆಯ ಮುಂದಿನ ಕೋಣೆ ಬಾಡಿಗೆಗೆ ಸಿಕ್ಕಿತು. ಮಳೆ ನಂಬಿದ ರಾಗಿ ಹೊಲ, ಹುರುಳಿ ಹೊಲ, ಕುರಿಮಂದೆ. ಕ್ಯಾತನಹಳ್ಳಿಯ ಹಸಿರು ನೋಡಿದ ಕಣ್ಣಿಗೆ ಎಲ್ಲ ಬಯಲು ಬಯಲು. ಹಳ್ಳಿಯಿಂದ ಹಳ್ಳಿಗೆ ನಡೆದು ಹೋಗುವುದು, ನಾಗಮಂಗಲಕ್ಕೆ ಹೋಗಿ ಔಷಧಿ ತರುವುದು, ಇದೇ ಕೆಲಸ. ಬಿಡುವಾದ ಮಧ್ಯಾಹ್ನ ಕೊಳಲು ತೆಗೆದು ಕೂತರೆ ಕುಳ್ಳಮ್ಮನಿಗೆ ಎದೆ ಡವಡವ.

"ಎಂಗುಸ್ರು ಊದುದ್ರೆ ಆವು ಬತ್ತದೆ ಕಣವ್ವ. ಅದ್ನ ಎತ್ತಿ ಮಡುಗ್ಬುಡು."

"ಬಂದ್ರೆ ನಂಗೆ ಕಚ್ಲಿ ಬುಡು ಕುಳ್ಳಮ್ಮ, ನಿಂಗ್ಯಾಕೆ."

"ನಿಂಗೆ ಕಚ್ಚುದ್ರೆ ನನ್ ಸೊಸೆ ಬಾಣಂತನ ಯಾರವ್ವ ಮಾಡೋರು?"

ಹಾವು ಬರಲಿಲ್ಲ. ಬಂದದ್ದು ಹೆಸರು. ಕುಳ್ಳಮ್ಮನ ಸೊಸೆ ನೋವು ತಿನ್ನುತ್ತಿದ್ದಾಗ, ಸುಮ್ಮನೆ ಕೂರಲಾರದೆ ಜಯಲಕ್ಷ್ಮಮ್ಮ ಮೂಲೆಯಲ್ಲಿ ಮೆಲ್ಲಗೆ ಒಂದು ಮಟ್ಟು ಊದಿದರು. ಹುಡುಗಿ ಆ ಎಣಿಕೆಗೆ ಉಸಿರು ಬಿಡತೊಡಗಿದಳು. ಹೆರಿಗೆ ಸಲೀಸಾಯಿತು. ಅಲ್ಲಿಂದ ಮುಂದೆ ಹೆರಿಗೆಗೆ ಕರೆಯಲು ಬಂದವರು, "ಪೀಪಿನೂ ತಕ್ಕೊ ಬನ್ರವ್ವ" ಎನ್ನುತ್ತಿದ್ದರು.

ಎರಡನೆಯ ಭಾಗ ಮಾತ್ರ ಬರಲಿಲ್ಲ. ವರ್ಷಕ್ಕೆ ಎರಡೋ ಮೂರೋ ಸಲ ವಿಮಾನದ ಅಂಚೆಯ ನೀಲಿ ಕಾಗದದಲ್ಲಿ ಅಂಕಿಗಳನ್ನು ಬರೆದು ಕಳಿಸುತ್ತಿದ್ದರು. ಎರಡು ತಿಂಗಳಿಗೆ ಉತ್ತರ ಬರುತ್ತಿತ್ತು, ಪುಸ್ತಕದ ಕನ್ನಡದಲ್ಲಿ, ಮಗುವಿನಂಥ ದುಂಡಗಿನ ಅಕ್ಷರದಲ್ಲಿ. ಆ ಕಾಗದಗಳನ್ನು ನಾನು ನೋಡಿದ್ದೇನೆ. "ಇದು ಉತ್ತರವಲ್ಲ. ಮೊದಲನೆಯ ಭಾಗವನ್ನೇ ತಾವು ಎತ್ತರದ ದನಿಯಲ್ಲಿ ಕೂಗಿರುವಿರಿ." ಇನ್ನೊಂದರಲ್ಲಿ, "ಇದು ಬಹಳ ಸಂತೋಷವಾಗಿದೆ. ತಮಗೆ ಅಷ್ಟು ಸಂತೋಷವಿದೆಯೇ?" ಮತ್ತೊಂದರಲ್ಲಿ ಮಟ್ಟಿನ ಮಾತೇ ಇಲ್ಲ. "ಇಲ್ಲಿ ಮಳೆ. ನಿನ್ನೆಯೂ ಮಳೆ. ಇಲ್ಲಿ ಕನ್ನಡ ಬಲ್ಲವರು ನಾನೊಬ್ಬಳೇ. ಹಸುವಿನ ಸಂಗಡ ಮಾತನಾಡುತ್ತೇನೆ. ಅದಕ್ಕೆ ತಾವು ಎಂದರೆ ಕಿವಿ ಎತ್ತುತ್ತದೆ."

ಕಾಗದ ಬಂದ ದಿನ ನರ್ಸಮ್ಮ ಕೆರೆ ಏರಿಯ ಮೇಲೆ ಹೋಗಿ ಕೂರುತ್ತಿದ್ದರು. ಆ ದೇಶ ಯಾವ ದಿಕ್ಕಿಗಿದೆ ಎಂದು ನಮ್ಮ ತಂದೆಯನ್ನು ಕೇಳಿ ತಿಳಿದುಕೊಂಡಿದ್ದರು. ವಾಯವ್ಯಕ್ಕೆ ಮುಖಮಾಡಿ ಮೊದಲ ಭಾಗವನ್ನು ಊದುತ್ತಿದ್ದರು. ಎರಡು ಸಲ ಊದಿ ನಿಲ್ಲುತ್ತಿದ್ದರು. ಮತ್ತೆ ಅದನ್ನೇ ಊದುತ್ತಿದ್ದರು.

ಕೆರೆಯ ಆಚೆ ಬದಿಯಲ್ಲಿ ಚಿಕ್ಕಸಿದ್ದಯ್ಯ ಎಂಬವರು ಕುರಿ ಮೇಯಿಸುತ್ತಿದ್ದರು. ಐವತ್ತರ ಹತ್ತಿರದ ವಯಸ್ಸು, ಹೆಗಲ ಮೇಲೆ ಕಂಬಳಿ, ಸೊಂಟದಲ್ಲಿ ಬಿದಿರಿನ ಕೊಳಲು. ನಾಲ್ಕು ವರ್ಷ ಆತ ಒಂದು ಮಾತೂ ಆಡಿರಲಿಲ್ಲ. ಅರವತ್ತೊಂದರ ಒಂದು ಸಂಜೆ ನರ್ಸಮ್ಮ ಮೊದಲ ಭಾಗ ಮುಗಿಸಿ ಎಂದಿನಂತೆ ನಿಲ್ಲಿಸಿದಾಗ ಆಚೆ ದಡದಿಂದ ಬಿದಿರಿನ ಕೊಳಲು ಎತ್ತಿಕೊಂಡಿತು. ಅದು ಮೇಲಿನ ದನಿಗೆ ಒಮ್ಮೆಗೇ ಹಾರಲಿಲ್ಲ. ಗುಡ್ಡ ಹತ್ತುವವರು ಅಲ್ಲಲ್ಲಿ ನಿಂತು ದಮ್ಮು ತೆಗೆದುಕೊಳ್ಳುವ ಹಾಗೆ ಹತ್ತಿತು. ತುದಿಯಲ್ಲಿ ಎರಡು ಉಸಿರಿನಷ್ಟು ಇದ್ದು, ಇಳಿಯುತ್ತ ಇಳಿಯುತ್ತ, ಮೊದಲ ಭಾಗ ಶುರುವಾಗುವ ದನಿಯ ಬಾಗಿಲಿಗೆ ತಂದು ನಿಲ್ಲಿಸಿತು.

ನರ್ಸಮ್ಮ ಏರಿಯುದ್ದಕ್ಕೂ ಓಡಿದರು.

"ಅದೇನ್ರೀ ನೀವು ಊದಿದ್ದು? ಎಲ್ಲಿ ಕಲ್ತ್ರಿ?"

ಚಿಕ್ಕಸಿದ್ದಯ್ಯ ಬೆದರಿ ಎದ್ದು ನಿಂತರು. "ತೆಪ್ಪಾಯ್ತಾ ನರ್ಸಮ್ಮ? ನೀವು ದಿನಾ ಅರ್ಧಕ್ಕೇ ಬುಟ್ಬುಟ್ಟು ಓಯ್ತಿದ್ರಿ. ಮನೇಗೋದ್ರೂ ಕಿವೀಲಿ ಅದೇ. ನಿದ್ದೆ ಬರಾಕಿಲ್ಲ. ಅದ್ಕೆ ವಸಿ ಮುಂದುಕ್ಕೆ ತಳ್ದೆ."

"ಇನ್ನೊಂದ್ ಸಲ ಊದಿ."

ಆತ ಊದಿದರು. ಎರಡನೆಯ ಸಲ ಸ್ವಲ್ಪ ಬೇರೆ ಬಂತು, ಮೂರನೆಯ ಸಲ ಇನ್ನೂ ಬೇರೆ. ನರ್ಸಮ್ಮ ಅಲ್ಲೇ ಕಲ್ಲಿನ ಮೇಲೆ ಕೂತು ಮೊದಲ ಸಲದ್ದನ್ನು ನೆನಪಿನಿಂದ ಅಂಕಿಯಲ್ಲಿ ಇಳಿಸಿಕೊಂಡರು. ಒಂದೆರಡು ಕಡೆ ತಮ್ಮ ಕೊಳಲಿಗೆ ಹೊಂದುವ ಹಾಗೆ ತಿದ್ದಿದರು. ಮನೆಗೆ ಬಂದಾಗ ಅವರಿಗೆ ಮೊದಲು ಹಿಗ್ಗು, ಆಮೇಲೆ ಹೊಟ್ಟೆಕಿಚ್ಚು. ಐದು ವರ್ಷ ತಾನು ಹುಡುಕಿದ್ದು ಕುರಿ ಕಾಯುವವರಿಗೆ ಹೇಗೆ ಸಿಕ್ಕಿತು? ಎರಡು ದಿನ ಆ ಕಾಗದವನ್ನು ಅಂಚೆಗೆ ಹಾಕದೆ ಇಟ್ಟುಕೊಂಡಿದ್ದರು. ಮೂರನೆಯ ದಿನ, "ಎರಡನೆಯ ಭಾಗ ನನ್ನದಲ್ಲ, ಚಿಕ್ಕಸಿದ್ದಯ್ಯನವರದು" ಎಂದು ಸೇರಿಸಿ ಹಾಕಿದರು.

ಉತ್ತರ ಈ ಸಲ ಬೇಗ ಬಂತು. "ಇದೇ. ನಮ್ಮಲ್ಲಿಯೂ ಹೀಗೆಯೇ ಆಗುವುದು. ಒಬ್ಬರು ಕಟ್ಟುವರು, ನೆರೆಯವರು ಮುಗಿಸುವರು, ಮೊಮ್ಮಕ್ಕಳು ಕೆಡಿಸುವರು. ಇದರ ಹೆಸರೇನು?" ಹೆಸರಿಟ್ಟಿಲ್ಲ ಎಂದು ನರ್ಸಮ್ಮ ಬರೆದರು. ಮೂರು ದಿನ ಇದ್ದು ಹೋದ ಕೂಸಿಗೂ ಹೆಸರಿಟ್ಟಿರಲಿಲ್ಲ, ಅದನ್ನು ಬರೆಯಲಿಲ್ಲ. ಹೆಸರಿಲ್ಲದ ಮಟ್ಟುಗಳು ತಮ್ಮ ಕಡೆ ಬೇಕಾದಷ್ಟಿವೆ, ಅವುಗಳನ್ನು ಹೆಸರಿಲ್ಲದ್ದು ಎಂದೇ ಕರೆಯುತ್ತಾರೆ ಎಂದು ಸಿಸ್ಟರು ಬರೆದರು. ಅದರ ಕೆಳಗೆ ಇನ್ನೊಂದು ಸಾಲು: "ನನ್ನ ಬೆರಳುಗಳು ಗಂಟುಕಟ್ಟಿವೆ. ಅಂಕಿಗಳನ್ನು ಓದಬಲ್ಲೆ, ನುಡಿಸಲಾರೆ. ಅಂಚೆಯವನು ಪಿಟೀಲಿನಲ್ಲಿ ನುಡಿಸಿ ತೋರಿಸಿದನು. ಅವನಿಗೆ ಬಹಳ ಅವಸರ. ತಾವು ನುಡಿಸುವುದನ್ನು ಕೇಳಬೇಕು."

ಆ ಸಾಲು ನರ್ಸಮ್ಮನ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತು. ಹಡಗಿನಲ್ಲಿ ಹೋಗುವುದು ಹೇಗೆಂದು ನಮ್ಮ ತಂದೆಯನ್ನು ಕೇಳಿದರು. ತಂದೆ ಪಾಸ್‌ಪೋರ್ಟು, ಬೊಂಬಾಯಿ ಎಂದೆಲ್ಲ ಹೇಳುತ್ತಿದ್ದ ಹಾಗೆ, "ಆಯ್ತು ಬಿಡಿ ಮೇಷ್ಟ್ರೆ" ಎಂದು ಎದ್ದು ಹೋದರಂತೆ.

ನಡುವೆ ಎರಡು ವರ್ಷ ಅವರಿಗೆ ಕೆ.ಆರ್. ಪೇಟೆಗೆ ವರ್ಗವಾಯಿತು. ಸಂತೆಯಲ್ಲಿ ಒಮ್ಮೆ ಮೊದಲಿನ ಗಂಡ ಎದುರಾದ. ಜೊತೆಗೆ ಎದೆಯೆತ್ತರದ ಮಗಳು. ಆತ ಗುರುತು ಹಿಡಿಯದೆ, "ನರ್ಸಮ್ಮ, ಮಗೀಗೆ ಕೆಮ್ಮು, ಏನಾರ ಮದ್ದದಾ?" ಎಂದು ಕೇಳಿದ. ಆಸ್ಪತ್ರೆಗೆ ಕರೆದುಕೊಂಡು ಬನ್ನಿ ಎಂದು ಹೇಳಿ ಕಳಿಸಿದರು. ಆ ಎರಡು ವರ್ಷ ಅವರು ಕೊಳಲು ಮುಟ್ಟಲಿಲ್ಲ. ಬಿಂಡಿಗನವಿಲೆಗೆ ವಾಪಸು ವರ್ಗ ಕೇಳಿ ಮೂರು ಅರ್ಜಿ ಬರೆದರು. ಅವರ ಹಾಗೆ ಆ ಬಯಲು ಊರನ್ನು ಕೇಳಿ ಪಡೆದವರು ಇಲಾಖೆಯಲ್ಲಿ ಬೇರೆ ಯಾರೂ ಇರಲಾರರು.

ಎಪ್ಪತ್ತರಲ್ಲಿ ಕುಟುಂಬ ಯೋಜನೆಯ ಪ್ರಚಾರದ ವ್ಯಾನು ಊರಿಗೆ ಬಂತು. ಅದರಲ್ಲಿ ಸಿನಿಮಾ ಯಂತ್ರದ ಜೊತೆಗೆ ಒಂದು ಟೇಪ್ ರೆಕಾರ್ಡರು, ಅಗಲ ಸುರುಳಿಯದು. ನೋಡಿಕೊಳ್ಳುತ್ತಿದ್ದವರು ಅಂದಾನಯ್ಯ ಎಂಬ ಮಾತುಗಾರ. ನರ್ಸಮ್ಮ ಅವರ ಮುಂದೆ ಕೈಮುಗಿದು ನಿಂತರು.

"ಒಂದು ಹತ್ತು ನಿಮಿಷ ಸಾರ್. ನನ್ನ ಗುರುಗಳಿಗೆ ಕಳಿಸ್ಬೇಕು."

"ಸರಕಾರಿ ಟೇಪು ಕಣಮ್ಮ" ಎಂದರು ಅಂದಾನಯ್ಯ. ಆಮೇಲೆ ಅವರ ಮುಖ ನೋಡಿ, "ಒಂದು ಹಳೇ ಸುರುಳಿ ಅದೆ, ನಂದೇ ಸ್ವಂತದ್ದು. ಬನ್ನಿ" ಎಂದರು.

ಶಾಲೆಯ ಜಗಲಿಯಲ್ಲಿ ಕೂತು, ನರ್ಸಮ್ಮ ತಗಡಿನ ಕೊಳಲಿನಲ್ಲಿ ಮೊದಲ ಭಾಗವನ್ನೂ ಚಿಕ್ಕಸಿದ್ದಯ್ಯ ಬಿದಿರಿನ ಕೊಳಲಿನಲ್ಲಿ ಎರಡನೆಯ ಭಾಗವನ್ನೂ ನುಡಿಸಿದರು. ಎರಡೂ ಕೊಳಲಿನ ಶ್ರುತಿ ಕೂಡಲಿಲ್ಲ, ತುಸು ಹೆಚ್ಚುಕಮ್ಮಿ. ಹೊರಗೆ ಕಟ್ಟಿದ್ದ ಕುರಿಗಳು ಅರಚುತ್ತಿದ್ದವು. ಮೂರು ಸುತ್ತು ಮುಗಿದ ಮೇಲೆ ಯಂತ್ರ ನಿಲ್ಲಿಸುವುದನ್ನು ಅಂದಾನಯ್ಯ ಮರೆತರು.

"ಆಯ್ತೇನವ್ವ? ಕೇಳುಸ್ತದಾ ಆ ತಾಯ್ಗೆ?" ಎಂದು ಚಿಕ್ಕಸಿದ್ದಯ್ಯ ಕೇಳಿದರು.

"ಇಲ್ಲಿಂದ ಇಂಗೇ ಕೇಳ್ಸಾಕಿಲ್ಲ ಕಣ್ಲಾ, ಡಬ್ಬೀಲಿ ಆಕಿ ಕಳುಸ್ತಾರೆ" ಎಂದಳು ನಿಂತು ನೋಡುತ್ತಿದ್ದ ಕುಳ್ಳಮ್ಮ.

"ಅಂಗಾರೆ ಆ ತಾಯ್ಗೆ ಒಂದ್ ಮಾತು ಯೋಳ್ಬುಡ್ತೀನಿ" ಎಂದು ಚಿಕ್ಕಸಿದ್ದಯ್ಯ ಯಂತ್ರದ ಕಡೆ ಬಾಗಿದರು. "ಅವ್ವಾ, ಉಣ್ಕಂಡು ತಿನ್ಕಂಡು ಚೆಂದಾಗಿರವ್ವ. ಇಲ್ಲಿ ಕುರಿ ಮರಿ ಎಲ್ಲ ಚೆಂದಾಗವೆ."

ಸುರುಳಿಯನ್ನು ಹತ್ತಿಯಲ್ಲಿ ಸುತ್ತಿ, ತಗಡಿನ ಡಬ್ಬಿಯಲ್ಲಿ ಹಾಕಿ, ನಾಗಮಂಗಲದ ಅಂಚೆ ಕಚೇರಿಗೆ ನರ್ಸಮ್ಮ ತಾವೇ ಬಸ್ಸಿನಲ್ಲಿ ಒಯ್ದು ಕೊಟ್ಟರು. ನಾಲ್ಕು ತಿಂಗಳು ಏನೂ ಇಲ್ಲ. ಅಂಚೆಯವನ ಸೈಕಲ್ ಗಂಟೆ ಕೇಳಿದರೆ, ಬಾಣಂತಿಯ ಮೈಗೆ ಎಣ್ಣೆ ಹಚ್ಚುತ್ತಿದ್ದ ಕೈ ಅಲ್ಲೇ ನಿಲ್ಲುತ್ತಿತ್ತು.

ಐದನೆಯ ತಿಂಗಳು ಕಾಗದ ಬಂತು. ಅಕ್ಷರ ಓರೆಯಾಗಿ ಸಾಲು ಬಿಟ್ಟು ಓಡಿತ್ತು. ಮಠದಲ್ಲಿ ಯಂತ್ರವಿರಲಿಲ್ಲ. ಪಕ್ಕದ ಊರಿನ ಶಾಲೆಯಿಂದ ತರಿಸಿದರಂತೆ. ಮಟ್ಟಿನ ಬಗ್ಗೆ ಒಂದೇ ಸಾಲು: "ತಾವು ಚೆನ್ನಾಗಿ ನುಡಿಸಿರುವಿರಿ." ಉಳಿದ ಎರಡು ಪುಟವೂ ಆ ಮಾತಿನ ಬಗ್ಗೆ. "ಮಟ್ಟು ಮುಗಿದ ಮೇಲೆ ಅವರು ಮಾತನಾಡಿದರು. ಹದಿನಾಲ್ಕು ವರ್ಷಗಳ ಮೇಲೆ ನಾನು ಕನ್ನಡವನ್ನು ಕೇಳಿದೆನು. ಕಣ್ಲಾ ಎಂದು ಒಬ್ಬ ತಾಯಿ ಹೇಳಿದರು. ಪಂಡಿತರು ನನಗೆ ಆ ಶಬ್ದವನ್ನು ಕಲಿಸಿರಲಿಲ್ಲ. ಆದರೆ ವಾರ್ಡಿನಲ್ಲಿ ಕೇಳಿದ್ದೆನು. ಆ ಭಾಗವನ್ನು ಮಾತ್ರ ಏಳು ಸಾರಿ ಹಾಕಿಸಿದೆನು. ಹುಡುಗಿಯರು ನಕ್ಕರು. ಜಯಲಕ್ಷ್ಮಿ, ಇನ್ನೂ ಮಾತು ಇದ್ದರೆ ಕಳುಹಿಸಿ."

ಅವರು ಬರೀ ಜಯಲಕ್ಷ್ಮಿ ಎಂದದ್ದೂ "ಕಳುಹಿಸಿರಿ" ಎನ್ನದೆ "ಕಳುಹಿಸಿ" ಎಂದದ್ದೂ ಅದೇ ಮೊದಲು. ನರ್ಸಮ್ಮ ಆ ಕಾಗದವನ್ನು ನಮ್ಮ ಜಗಲಿಯಲ್ಲಿ ಕೂತು ಓದಿ, ಸೆರಗು ಬಾಯಿಗೆ ಒತ್ತಿಕೊಂಡರಂತೆ. "ಹದಿನಾಲ್ಕು ವರ್ಷ ನಾನು ಮಟ್ಟು ಮಟ್ಟು ಅಂತಿದ್ದೆ ಮೇಷ್ಟ್ರೆ. ಅವ್ರಿಗೆ ನಮ್ ಮಾತು ಬೇಕಿತ್ತು. ಹಸು ಹತ್ರ ಮಾತಾಡ್ತೀನಿ ಅಂತ ಬರ್ದಿದ್ರು, ನಂಗೆ ತಿಳೀಲೇ ಇಲ್ವಲ್ಲ."

ಅಂದಾನಯ್ಯನವರ ವ್ಯಾನು ಮರುವರ್ಷ ಮತ್ತೆ ಬಂತು. ಈ ಸಲ ನರ್ಸಮ್ಮ ಕೊಳಲು ತೆಗೆಯಲಿಲ್ಲ. ಅಂದಾನಯ್ಯನವರನ್ನು ಒಪ್ಪಿಸಿ, ಯಂತ್ರವನ್ನು ಹೊರಿಸಿಕೊಂಡು ಎರಡು ದಿನ ತಿರುಗಿದರು. ಕುಳ್ಳಮ್ಮ ಸೊಸೆಯನ್ನು ಬೈಯುವುದು. ರಾಗಿ ಬೀಸುವಾಗ ಹೆಂಗಸರ ಮಾತು. ನೀರು ಸೇದುವ ಹಗ್ಗಕ್ಕೆ ಜಗಳ. ಒಬ್ಬ ಬಾಣಂತಿ ಕೂಸಿಗೆ ಲಾಲಿಸುವುದು. ನಾಗಮಂಗಲದ ಬಸ್ ನಿಲ್ದಾಣದಲ್ಲಿ ಕಂಡಕ್ಟರು ಕೂಗುವುದು. ಕ್ಯಾತನಹಳ್ಳಿಗೂ ಹೋಗಿ, ವಯಸ್ಸಾದ ಕೆಂಪಣ್ಣನ ಎದುರು ಯಂತ್ರ ಇಟ್ಟರು. "ನನ್ ಮಗಳ್ನ ಉಳುಸ್ಕೊಟ್ಟೆ ಕಣ್ತಾಯಿ" ಎಂದು ಅವರು ಅಷ್ಟೇ ಹೇಳಿದರು. ಅಲ್ಲಿಂದ ಶ್ರೀರಂಗಪಟ್ಟಣದ ಹತ್ತಿರದ ಗಂಜಾಂಗೆ ಹೋಗಿ, ನಿಮಿಷಾಂಬ ದೇವಸ್ಥಾನದ ಮೆಟ್ಟಿಲ ಮೇಲೆ ಕೂತು ಹೊಳೆಯ ಸದ್ದನ್ನೂ, ಬಟ್ಟೆ ಒಗೆಯುವವರ ಮಾತನ್ನೂ ಹಿಡಿದುಕೊಂಡರು. ಡಬ್ಬಿ ಎಪ್ಪತ್ತೊಂದರ ಕೊನೆಗೆ ಹೊರಟಿತು.

ಎಪ್ಪತ್ತೆರಡರ ಏಪ್ರಿಲ್ಲಿನಲ್ಲಿ ಬಂದ ಕಾಗದ ಇಂಗ್ಲಿಷಿನಲ್ಲಿತ್ತು, ಬೇರೆ ಕೈ. ಲಕೋಟೆ ಒಡೆಯದೆಯೇ ನರ್ಸಮ್ಮನಿಗೆ ಗೊತ್ತಾಗಿತ್ತು. ನಮ್ಮ ತಂದೆ ಓದಿ ಹೇಳಿದರು. ಸಿಸ್ಟರ್ ಬ್ರಿಜಿಡ್ ಮಾರ್ಚ್ ಮೊದಲ ವಾರ ತೀರಿಕೊಂಡರು. ಸುರುಳಿ ಫೆಬ್ರವರಿಯಲ್ಲಿ ತಲುಪಿತ್ತು. ಊಟವಾದ ಮೇಲೆ ದಿನವೂ ಅವರ ಹಾಸಿಗೆಯ ಹತ್ತಿರ ಹಾಕುತ್ತಿದ್ದರು. ಅವರು ಒಂದೊಂದು ಮಾತಿಗೂ ಉತ್ತರ ಕೊಡುತ್ತಿದ್ದರು, ಎದುರಿಗೆ ಜನ ಇದ್ದಾರೆ ಎಂಬಂತೆ. "ನಮಗೆ ಒಂದು ಶಬ್ದವೂ ಅರ್ಥವಾಗುವುದಿಲ್ಲ. ಆದರೆ ಬಸ್ಸಿನ ಮನುಷ್ಯನ ಕೂಗು ನಮ್ಮೆಲ್ಲರಿಗೂ ಬಾಯಿಗೆ ಬಂದಿದೆ. ಇಲ್ಲಿಯ ಕಿರಿಯ ಸಿಸ್ಟರುಗಳು ಪಾತ್ರೆ ತೊಳೆಯುವಾಗ ನಾಗ್ಮಂಗ್ಲ ನಾಗ್ಮಂಗ್ಲ ಎನ್ನುತ್ತಾರೆ. ಅದು ಒಂದು ಊರೇ?"

"ಊರು ಅಂತ ಬರೀರಿ ಮೇಷ್ಟ್ರೆ" ಎಂದರು ನರ್ಸಮ್ಮ. "ಬಸ್ಸು ದಿನಾ ಓಡಾಡ್ತದೆ ಅಂತಲೂ ಬರೀರಿ."

ಅಷ್ಟರಲ್ಲಿ ಪಕ್ಕದ ಹಳ್ಳಿಯಿಂದ ಒಬ್ಬಾತ ಏದುಸಿರು ಬಿಡುತ್ತ ಬಂದ, ಹೆಂಡತಿಗೆ ನೋವು ಶುರುವಾಗಿದೆ ಎಂದು. ನರ್ಸಮ್ಮ ಮುಖ ತೊಳೆದುಕೊಂಡು ಚೀಲ ಎತ್ತಿಕೊಂಡರು. "ಎಷ್ಟನೇ ಎರಿಗೆಯಪ್ಪ?" ಎಂದು ಕೇಳುತ್ತ ಅವನ ಹಿಂದೆ ಹೊಲದ ಬದುವಿನ ಮೇಲೆ ನಡೆದು ಹೋದರು.